ಆಟಿಕ್ ಫ್ಯಾನಿಗೆ ಕೈಸ್ವಿಚ್: ಫೇಸ್ ಎಲ್ಲಿಂದ ತೆಗೆಯಬೇಕು?

ಪ್ರಶ್ನೆ: ಟೆಕ್ಸಸ್‌ನ ಆಸ್ಟಿನ್ ಹೊರವಲಯದಲ್ಲಿ 1971ರಲ್ಲಿ ಕಟ್ಟಿದ ಮನೆಯೊಂದನ್ನು ಕಳೆದ ವರ್ಷ ಕೊಂಡೆವು. ಅಟ್ಟದ ತ್ರಿಕೋನ ಗೋಡೆಯಲ್ಲಿ ಬಿಸಿಗಾಳಿಯನ್ನು ಹೊರಹಾಕುವ ಫ್ಯಾನ್ ಇದೆ. ಬಿಸಿ ನೋಡಿ ಅದನ್ನು ತಾನಾಗಿ ಆನ್, ಆಫ್ ಮಾಡುವ ಥರ್ಮೋಸ್ಟಾಟ್ ಅಲ್ಲೇ ಮರದ ತೊಲೆಗೆ ಬಡಿದ ಸಣ್ಣ ಡಬ್ಬಿಯಲ್ಲಿದೆ. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತಕ್ಕೆ ಶುರುವಾದರೆ ರಾತ್ರಿ ಹನ್ನೊಂದಾದರೂ ನಿಲ್ಲುವುದಿಲ್ಲ. ಮಲಗುವ ಕೋಣೆಯ ನೆತ್ತಿಯ ಮೇಲೆಯೇ ಗುಂಯ್‌ಗುಡುತ್ತಿರುತ್ತದೆ. ಇನ್ನು ಕೆಲವು ದಿನ, ಸಾಮಾನು ಇಳಿಸಲು ಅಟ್ಟ ಹತ್ತುವ ಮುನ್ನ ನಾನೇ ಫ್ಯಾನ್ ಹಾಕಿ ಗಾಳಿಯಾಡಿಸೋಣ ಎಂದರೆ ಸ್ವಿಚ್ಚೇ ಇಲ್ಲ. ಹಜಾರದಲ್ಲಿ ಅಟ್ಟದ ದೀಪದ ಸ್ವಿಚ್ ಇದೆ. ಆ ದೀಪದ ಸ್ವಿಚ್ಚಿನ ಡಬ್ಬಿಯಿಂದ ಫೇಸ್ ತೆಗೆದು, ಹೊಸ ಸ್ವಿಚ್ ಮೂಲಕ ನೇರವಾಗಿ ಫ್ಯಾನಿಗೆ ಕೊಟ್ಟರೆ ಸಾಕಲ್ಲವೇ? ಥರ್ಮೋಸ್ಟಾಟ್, ಸ್ವಿಚ್ ಎರಡೂ ಒಟ್ಟಿಗೆ ಆನ್ ಆದರೆ ಮೋಟರಿಗೆ ಎರಡು ಪಟ್ಟು ಕರೆಂಟ್ ಹೋಗಿ ಸುಟ್ಟುಹೋಗುತ್ತದೆ ಎನ್ನುತ್ತಾರೆ ಸ್ನೇಹಿತರೊಬ್ಬರು. ಥರ್ಮೋಸ್ಟಾಟನ್ನು ಕಿತ್ತೇ ಬಿಡಿ ಎನ್ನುತ್ತಾರೆ ಇನ್ನೊಬ್ಬರು. ಹಾಸನದ ನಮ್ಮ ಮನೆಯಲ್ಲಿ ವೈರಿಂಗ್ ಕೆಲಸ ಮಾಡಿದ ಅನುಭವ ನನಗಿದೆ. ಅಟ್ಟದಲ್ಲಿ ಎಸಿ ಯಂತ್ರ ಮತ್ತು ಗ್ಯಾಸ್ ವಾಟರ್ ಹೀಟರ್ ಕೂಡ ಇರುವುದರಿಂದ ಓಡಾಡಲು ಜಾಗ ಇಕ್ಕಟ್ಟು. ಈ ಕೆಲಸವನ್ನು ಹೇಗೆ ಮಾಡಲಿ?

ಉತ್ತರ: ನೀವು ಒಂದು ಸ್ವಿಚ್ ಕೇಳಿದ್ದೀರಿ, ಆದರೆ ಪತ್ರದಲ್ಲಿರುವ ಬೇಡಿಕೆಗಳು ಎರಡು. ರಾತ್ರಿ ಫ್ಯಾನ್ ನಿಲ್ಲಬೇಕು, ಅದು ಒಂದು. ಥರ್ಮೋಸ್ಟಾಟ್ ಬೇಡವೆಂದರೂ ಬೇಕಾದಾಗ ಫ್ಯಾನ್ ಓಡಬೇಕು, ಅದು ಇನ್ನೊಂದು. ವೈರಿಂಗ್ ದೃಷ್ಟಿಯಿಂದ ಇವೆರಡೂ ಒಂದಕ್ಕೊಂದು ವಿರುದ್ಧ. ನಿಲ್ಲಿಸುವ ಸ್ವಿಚ್ ಥರ್ಮೋಸ್ಟಾಟಿನ ಸಾಲಿನಲ್ಲೇ, ಸೀರೀಸ್‌ನಲ್ಲಿ ಕೂರಬೇಕು. ಓಡಿಸುವ ಸ್ವಿಚ್ ಥರ್ಮೋಸ್ಟಾಟಿಗೆ ಪಕ್ಕದ ದಾರಿಯಾಗಿ, ಪ್ಯಾರಲಲ್ಲಿನಲ್ಲಿ ಕೂರಬೇಕು. ನೀವು ಯೋಚಿಸಿರುವ ಸ್ವಿಚ್ ಎರಡನೆಯ ಜಾತಿಯದು. ಅದನ್ನು ಹಾಕಿದರೂ ರಾತ್ರಿ ಹನ್ನೊಂದರ ಗುಂಯ್‌ಗಾಟ ಹಾಗೆಯೇ ಇರುತ್ತದೆ, ಏಕೆಂದರೆ ನಿಮ್ಮ ಸ್ವಿಚ್ ಆಫ್ ಆಗಿದ್ದರೂ ಥರ್ಮೋಸ್ಟಾಟ್ ತನ್ನ ದಾರಿಯಲ್ಲಿ ಕರೆಂಟ್ ಕೊಡುತ್ತಲೇ ಇರುತ್ತದೆ.

ವೈರಿಗೆ ಕೈ ಹಾಕುವ ಮುನ್ನ ಆ ಸಣ್ಣ ಡಬ್ಬಿಯ ಡಯಲ್ ಎಷ್ಟಕ್ಕೆ ನಿಂತಿದೆ ನೋಡಿ. ಆಸ್ಟಿನ್‌ನ ಜುಲೈ ತಿಂಗಳಲ್ಲಿ ಅಟ್ಟದ ಒಳಗಿನ ಬಿಸಿ 130ರಿಂದ 140 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುವುದು ಸಾಮಾನ್ಯ. ಅಂದರೆ 55ರಿಂದ 60 ಸೆಲ್ಸಿಯಸ್. ಡಯಲ್ 85 ಅಥವಾ 90 ಫ್ಯಾರನ್‌ಹೀಟ್‌ಗೆ ಇದ್ದರೆ, ಹೊರಗಿನ ಗಾಳಿಯೇ ರಾತ್ರಿ ಹತ್ತರವರೆಗೆ ಅಷ್ಟು ಬಿಸಿಯಾಗಿರುವಾಗ ಫ್ಯಾನ್ ನಿಲ್ಲುವುದಾದರೂ ಹೇಗೆ? ಅದು ಎಷ್ಟು ಓಡಿದರೂ ಅಟ್ಟವನ್ನು ಹೊರಗಿನ ಗಾಳಿಗಿಂತ ತಂಪು ಮಾಡಲಾರದು. ಡಯಲನ್ನು 105 ಅಥವಾ 110ಕ್ಕೆ ಏರಿಸಿ ಒಂದು ವಾರ ಬಿಟ್ಟು ನೋಡಿ. ನಿಮ್ಮ ರಾತ್ರಿಯ ತೊಂದರೆ ಬಹುಮಟ್ಟಿಗೆ ಇಲ್ಲಿಯೇ ತೀರಬಹುದು. ಅಟ್ಟ ತಣಿದಿರುವ ಹೊತ್ತಿನಲ್ಲಿ ಡಯಲನ್ನು ಪೂರ್ತಿ ಮೇಲಕ್ಕೆ ತಿರುಗಿಸಿದರೂ ಕ್ಲಿಕ್ ಸದ್ದು ಕೇಳದೆ ಫ್ಯಾನ್ ಓಡುತ್ತಲೇ ಇದ್ದರೆ ಥರ್ಮೋಸ್ಟಾಟಿನ ಕಾಂಟ್ಯಾಕ್ಟ್ ಅಂಟಿಕೊಂಡಿದೆ ಎಂದು ಅರ್ಥ. ಆಗ ಬೇಕಿರುವುದು ಹೊಸ ಥರ್ಮೋಸ್ಟಾಟ್. ಅದರ ಬೆಲೆ ಹೆಚ್ಚಿಲ್ಲ, ಫ್ಯಾನ್ ಬದಲಿಸದೆ ಅದೊಂದನ್ನೇ ಹಾಕಬಹುದು.

ಇನ್ನು ಸ್ನೇಹಿತರ ಮಾತು. ಎರಡು ಪಟ್ಟು ಕರೆಂಟಿನ ಭಯಕ್ಕೆ ಆಧಾರವಿಲ್ಲ. ಎಷ್ಟು ಕರೆಂಟ್ ಬೇಕೆಂದು ನಿರ್ಧರಿಸುವುದು ಮೋಟರ್. ಇಂಥ ಫ್ಯಾನುಗಳು ಸಾಮಾನ್ಯವಾಗಿ ಎರಡರಿಂದ ಐದು ಆಂಪಿಯರ್ ಎಳೆಯುತ್ತವೆ. ದಾರಿ ಎರಡಾದರೆ ಅಷ್ಟೇ ಕರೆಂಟ್ ಎರಡೂ ದಾರಿಗಳಲ್ಲಿ ಹಂಚಿಕೊಂಡು ಬರುತ್ತದೆ. ಒಂದೇ ಸರ್ಕ್ಯೂಟಿನ ಫೇಸನ್ನು ಥರ್ಮೋಸ್ಟಾಟ್ ಮೂಲಕ ಒಮ್ಮೆ, ಸ್ವಿಚ್ ಮೂಲಕ ಇನ್ನೊಮ್ಮೆ ಮೋಟರಿಗೆ ಕೊಟ್ಟರೆ ಏನೂ ಆಗುವುದಿಲ್ಲ. ಆದರೆ ಈ ಮಾತು ನಿಜವಾಗುವುದು ‘ಒಂದೇ ಸರ್ಕ್ಯೂಟ್’ ಎಂಬ ಷರತ್ತಿನ ಮೇಲೆ. ನಿಮ್ಮ ಯೋಜನೆ ಎಡವುವುದೂ ಅಲ್ಲಿಯೇ.

ಅಟ್ಟದ ದೀಪ ಒಂದು ಬ್ರೇಕರ್ (ಊರಿನಲ್ಲಿ ಎಂಸಿಬಿ ಎನ್ನುವುದು) ಮೇಲೆ, ಫ್ಯಾನ್ ಇನ್ನೊಂದು ಬ್ರೇಕರ್ ಮೇಲೆ ಇರುವ ಸಾಧ್ಯತೆ ಸಾಕಷ್ಟಿದೆ. ಅಮೆರಿಕದ ಮನೆಗೆ ಬರುವ ಸರಬರಾಜಿನಲ್ಲಿ ಎರಡು ಫೇಸ್ ತಂತಿಗಳಿರುತ್ತವೆ. ನ್ಯೂಟ್ರಲ್ಲಿಗೆ ಹೋಲಿಸಿದರೆ ಪ್ರತಿಯೊಂದರಲ್ಲೂ 120 ವೋಲ್ಟ್, ಅವೆರಡರ ನಡುವೆ 240. ಬ್ರೇಕರುಗಳು ಈ ಎರಡರ ನಡುವೆ ಹಂಚಿಹೋಗಿರುತ್ತವೆ. ದೀಪದ ಬ್ರೇಕರ್ ಒಂದು ಫೇಸಿನ ಮೇಲೆ, ಫ್ಯಾನಿನದು ಇನ್ನೊಂದರ ಮೇಲೆ ಇದ್ದರೆ, ನಿಮ್ಮ ಸ್ವಿಚ್ ಮತ್ತು ಥರ್ಮೋಸ್ಟಾಟ್ ಎರಡೂ ಆನ್ ಆದ ಕ್ಷಣ ಆ ಎರಡು ಫೇಸುಗಳು ಮೋಟರಿನ ಬಾಗಿಲಲ್ಲಿ ಒಂದನ್ನೊಂದು ಮುಟ್ಟುತ್ತವೆ. ಹಾಸನದಲ್ಲಿ ತ್ರೀ ಫೇಸ್ ಮೀಟರ್ ಇರುವ ಮನೆಯ ಎರಡು ಫೇಸುಗಳನ್ನು ಕೂಡಿಸಿದ ಹಾಗೆಯೇ ಇದು, ನೇರ ಶಾರ್ಟ್.

ಈ ತಪ್ಪು ವೈರಿಂಗ್ ಮಾಡಿದ ದಿನ ಸಿಕ್ಕಿಬೀಳುವುದಿಲ್ಲ. ಅಟ್ಟದ ಕೆಲಸವನ್ನು ಯಾರೇ ಆದರೂ ತಂಪು ಹೊತ್ತಿನಲ್ಲಿ ಮಾಡುತ್ತಾರೆ. ಆಗ ಥರ್ಮೋಸ್ಟಾಟ್ ಆಫ್ ಆಗಿರುತ್ತದೆ. ಸ್ವಿಚ್ ಹಾಕಿದರೆ ಫ್ಯಾನ್ ಚೆನ್ನಾಗಿ ತಿರುಗುತ್ತದೆ, ಆಫ್ ಮಾಡಿದರೆ ನಿಲ್ಲುತ್ತದೆ. ಎಲ್ಲ ಸರಿಯಾಗಿದೆ ಎಂದುಕೊಂಡು ಏಣಿ ಮಡಚಿ ಇಡುತ್ತೀರಿ. ಶಾರ್ಟ್ ಆಗುವುದು ಮುಂದೆ ಎಂದೋ ಒಂದು ಮಧ್ಯಾಹ್ನ, ಸ್ವಿಚ್ ಆನ್ ಇರುವಾಗ ಬಿಸಿಯೇರಿ ಥರ್ಮೋಸ್ಟಾಟ್ ಕೂಡ ತಾನಾಗಿ ಕೂಡಿಕೊಂಡಾಗ. ಬ್ರೇಕರ್ ಸರಿಯಾಗಿ ಕೆಲಸ ಮಾಡಿದರೆ ಅಲ್ಲಿಗೆ ಮುಗಿಯಿತು. ಬ್ರೇಕರುಗಳಿರುವ 1971ರ ಪ್ಯಾನೆಲ್ ಇನ್ನೂ ಬದಲಾಗಿಲ್ಲವೆಂದಾದರೆ ನಾನು ಅದನ್ನು ನಂಬಿಕೊಂಡು ಕೂರುವುದಿಲ್ಲ.

ಎರಡೂ ಬ್ರೇಕರುಗಳು ಅದೃಷ್ಟವಶಾತ್ ಒಂದೇ ಫೇಸಿನ ಮೇಲಿದ್ದರೆ ಶಾರ್ಟ್ ಆಗುವುದಿಲ್ಲ, ಆದರೆ ಅದಕ್ಕಿಂತ ಕಪಟಿಯಾದ ಅಪಾಯ ಹುಟ್ಟುತ್ತದೆ. ಮುಂದೆ ಯಾರಾದರೂ ಫ್ಯಾನಿನ ಬ್ರೇಕರ್ ಇಳಿಸಿ ಮೋಟರ್ ಬಿಚ್ಚಲು ಕೂತಾಗ, ದೀಪದ ಬ್ರೇಕರಿನಿಂದ ನಿಮ್ಮ ಸ್ವಿಚ್ ಮೂಲಕ ಅದೇ ತಂತಿಗೆ ಕರೆಂಟ್ ಬರುತ್ತಿರುತ್ತದೆ. ಬ್ರೇಕರ್ ಇಳಿಸಿದವನಿಗೆ ಅದರ ಸುಳಿವೂ ಇರುವುದಿಲ್ಲ. ಫೇಸ್ ಒಂದು ಸರ್ಕ್ಯೂಟಿನಿಂದ ಹೋಗಿ ನ್ಯೂಟ್ರಲ್ ಇನ್ನೊಂದರಲ್ಲಿ ಮರಳುವುದರಿಂದ, ತಂತಿಯ ಕಿಡಿ ಅಥವಾ ಕರೆಂಟಿನ ಸೋರಿಕೆ ಕಂಡರೆ ಕಡಿಯುವ ಈಚಿನ ಆರ್ಕ್ ಫಾಲ್ಟ್ ಅಥವಾ ಗ್ರೌಂಡ್ ಫಾಲ್ಟ್ ಬ್ರೇಕರ್ ಹಾಕಿಸಿದ್ದರೆ ಅದು ಮತ್ತೆ ಮತ್ತೆ ಬೀಳುತ್ತದೆ. ಕಾರಣ ಹುಡುಕುವುದರಲ್ಲೇ ಒಂದು ದಿನ ಹೋಗುತ್ತದೆ.

ಆದ್ದರಿಂದ ಫ್ಯಾನಿಗೆ ಈಗ ಯಾವ ಕೇಬಲ್ಲಿನಿಂದ ಫೇಸ್ ಬರುತ್ತಿದೆಯೋ ಸ್ವಿಚ್ಚಿಗೂ ಅದೇ ಕೇಬಲ್ಲಿನಿಂದ ಬರಬೇಕು. ಅಟ್ಟದಲ್ಲಿ ಥರ್ಮೋಸ್ಟಾಟ್ ಡಬ್ಬಿಗೆ ಬರುವ ಸರಬರಾಜಿನಿಂದ ಹೊಸ ಕೇಬಲ್ ಎಳೆದು ಹಜಾರಕ್ಕೆ ಇಳಿಸಿ, ಅಲ್ಲಿಂದ ಮೇಲಕ್ಕೆ ತನ್ನಿ. ಹಜಾರದ ಡಬ್ಬಿಯೂ ಅದೇ ಬ್ರೇಕರಿನದು ಎಂದು ಪರೀಕ್ಷಿಸಿ ಖಚಿತವಾದರೆ, ಅಲ್ಲಿ ನ್ಯೂಟ್ರಲ್ ಕೂಡ ಇದ್ದರೆ, ಫ್ಯಾನಿನ ಇಡೀ ಸರಬರಾಜನ್ನು ಅಲ್ಲಿಂದಲೇ ಕೊಟ್ಟು ಹಳೆಯ ದಾರಿಯನ್ನು ಕಳಚಿ ಮುಚ್ಚಿಬಿಡಬಹುದು. ಅರ್ಧ ಇಲ್ಲಿಂದ, ಅರ್ಧ ಅಲ್ಲಿಂದ ಮಾತ್ರ ಬೇಡ.

ಹಾಸನದ ಅನುಭವದ ಬಗ್ಗೆಯೂ ಒಂದು ಮಾತು ಹೇಳಬೇಕು. ಟೆಕ್ಸಸ್‌ನ ಅಟ್ಟಗಳಲ್ಲಿ ನಾನು ಕಾಣುವ ಅಪಾಯಕಾರಿ ಕೆಲಸಗಳಲ್ಲಿ ಹಲವು, ಬೇರೆ ದೇಶದಲ್ಲಿ ಚೆನ್ನಾಗಿ ಕೆಲಸ ಕಲಿತವರು ಮಾಡಿದವು. ಊರಿನಲ್ಲಿ ಕಪ್ಪು ತಂತಿ ಎಂದರೆ ನ್ಯೂಟ್ರಲ್. ಇಲ್ಲಿ ಕಪ್ಪು ಎಂದರೆ ಫೇಸ್. ಇಲ್ಲಿನ ನ್ಯೂಟ್ರಲ್ ಬಿಳಿ. ಹಸಿರು ಅಥವಾ ಬರಿ ತಾಮ್ರ ಅರ್ತ್. ಬುದ್ಧಿಗೆ ಇದು ಗೊತ್ತಿದ್ದರೂ ಬೆವರಿನಲ್ಲಿ, ಟಾರ್ಚ್ ಬೆಳಕಿನಲ್ಲಿ, ಕೈ ಹಳೆಯ ಅಭ್ಯಾಸಕ್ಕೆ ಹೋಗುತ್ತದೆ. ಅದರ ಮೇಲೆ, ನಿಮ್ಮ ಮನೆಯ ಕಾಲದಲ್ಲಿ ಕಟ್ಟಿದ ಮನೆಗಳ ಸ್ವಿಚ್ ಡಬ್ಬಿಯಲ್ಲಿ ಬಿಳಿ ತಂತಿ ಕಂಡರೆ ಅದು ನ್ಯೂಟ್ರಲ್ಲೇ ಎಂಬ ಭರವಸೆಯೂ ಇಲ್ಲ. ದೀಪದಿಂದ ಸ್ವಿಚ್ಚಿಗೆ ಫೇಸ್ ಇಳಿಸಲು ಬಿಳಿ ತಂತಿಯನ್ನೇ ಬಳಸುವ ಪದ್ಧತಿ ಇತ್ತು, ಅದಕ್ಕೆ ಗುರುತಿನ ಟೇಪನ್ನು ಎಲ್ಲರೂ ಸುತ್ತುತ್ತಿರಲಿಲ್ಲ. ಬಣ್ಣ ನಂಬದೆ ಟೆಸ್ಟರ್ ನಂಬಿ. ಆ ಟೆಸ್ಟರನ್ನೂ ಮೊದಲು ಕರೆಂಟ್ ಇರುವ ಕಡೆ ಹಿಡಿದು, ಆಮೇಲೆ ನಿಮ್ಮ ತಂತಿಗೆ ಹಿಡಿದು, ಮತ್ತೊಮ್ಮೆ ಕರೆಂಟ್ ಇರುವ ಕಡೆ ಹಿಡಿದು ಖಾತರಿ ಮಾಡಿಕೊಳ್ಳಿ.

ಊರಿನಿಂದ ತಂದ ವೈರ್ ಸುರುಳಿ, ಸ್ವಿಚ್ ಇದ್ದರೆ ಅವನ್ನು ಇಲ್ಲಿ ಬಳಸಬೇಡಿ. ನಮ್ಮ ಕಡೆಯ ಸಾಮಾನ್ಯ ಪಿವಿಸಿ ವೈರಿನ ಹೊದಿಕೆ 70 ಡಿಗ್ರಿ ಸೆಲ್ಸಿಯಸ್‌ಗೆ ಮಾಡಿದ್ದು. ನಿಮ್ಮ ಅಟ್ಟವೇ 60ರ ಹತ್ತಿರ ಇರುತ್ತದೆ. ಇಲ್ಲಿ ಸಿಗುವ ಎನ್‌ಎಂ-ಬಿ ಕೇಬಲ್ಲಿನ ಒಳತಂತಿಗಳ ಹೊದಿಕೆ 90 ಡಿಗ್ರಿ ತಡೆಯುತ್ತದೆ. ಬ್ರೇಕರ್ 15 ಆಂಪಿಯರಿನದಾದರೆ 14 ಗೇಜ್, 20 ಆಂಪಿಯರಿನದಾದರೆ ಅದಕ್ಕಿಂತ ದಪ್ಪನೆಯ 12 ಗೇಜ್ ತಂತಿ. ಫ್ಯಾನ್ ಎಷ್ಟೇ ಚಿಕ್ಕದಿರಲಿ, 20 ಆಂಪಿಯರ್ ಬ್ರೇಕರಿನ ಮೇಲೆ 14 ಗೇಜ್ ಹಾಕುವಂತಿಲ್ಲ. ತಂತಿಯನ್ನು ಕಾಯುವುದು ಬ್ರೇಕರ್, ಫ್ಯಾನ್ ಅಲ್ಲ.

ಈಗ ಜೋಡಣೆ. ನಮ್ಮ ಕಡೆ ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಆಟೋ, ಆಫ್, ಮ್ಯಾನ್ಯುಯಲ್ ಎಂದು ಮೂರು ಸ್ಥಾನದ ಸ್ವಿಚ್ ನೋಡಿರುತ್ತೀರಿ. ನಿಮ್ಮ ಎರಡೂ ಬೇಡಿಕೆಗಳನ್ನು ಒಟ್ಟಿಗೆ ತೀರಿಸುವುದು ಅಂಥದೇ ಸ್ವಿಚ್. ಅಂಗಡಿಯಲ್ಲಿ ‘ಸಿಂಗಲ್ ಪೋಲ್ ಡಬಲ್ ಥ್ರೋ, ಸೆಂಟರ್ ಆಫ್’ ಎಂದು ಕೇಳಿ. ‘ತ್ರೀ ವೇ’ ಎಂದು ಬರೆದಿರುವುದನ್ನು ತರಬೇಡಿ, ಅದು ನಮ್ಮ ಮೆಟ್ಟಿಲಿನ ಟೂ ವೇ ಸ್ವಿಚ್. ಅದರಲ್ಲಿ ನಡುವಿನ ಆಫ್ ಇರುವುದಿಲ್ಲ. ಸೆಂಟರ್ ಆಫ್ ಸ್ವಿಚ್ಚುಗಳಲ್ಲೂ ಕೈಬಿಟ್ಟರೆ ನಡುವಿಗೆ ಮರಳುವ ‘ಮೊಮೆಂಟರಿ’ ಜಾತಿ ಒಂದಿದೆ; ಬೇಕಿರುವುದು ನಿಂತಲ್ಲೇ ನಿಲ್ಲುವ ‘ಮೇಂಟೇನ್ಡ್’.

ಅದರ ಕಾಮನ್ ತುದಿಗೆ ಫೇಸ್ ಕೊಡಿ. ಒಂದು ಬದಿಯ ತುದಿಯಿಂದ ತಂತಿ ಥರ್ಮೋಸ್ಟಾಟಿನ ಒಳಬರುವ ತುದಿಗೆ ಹೋಗಲಿ, ಅದು ಆಟೋ. ಇನ್ನೊಂದು ಬದಿಯಿಂದ ತಂತಿ ಥರ್ಮೋಸ್ಟಾಟನ್ನು ದಾಟಿ, ಅದು ಮೋಟರಿಗೆ ಸೇರುವ ಕಡೆ ಕೂಡಲಿ, ಅದು ಮ್ಯಾನ್ಯುಯಲ್. ಥರ್ಮೋಸ್ಟಾಟಿಗೆ ಮೊದಲಿದ್ದ ನೇರ ಫೇಸನ್ನು ಕಳಚಿರಬೇಕು. ಅದನ್ನು ಮರೆತರೆ ಆಫ್ ಸ್ಥಾನ ಹೆಸರಿಗೆ ಮಾತ್ರ. ನ್ಯೂಟ್ರಲ್ ಎಲ್ಲಿಯೂ ಸ್ವಿಚ್ಚಿನ ಮೂಲಕ ಹೋಗುವುದಿಲ್ಲ, ಅಟ್ಟದಲ್ಲಿ ನೇರವಾಗಿ ಮೋಟರಿಗೆ. ಅರ್ತ್ ಸ್ವಿಚ್ಚಿಗೂ, ಡಬ್ಬಿಗೂ, ಮೋಟರಿನ ಮೈಗೂ. ಕೆಲವರು ಇದನ್ನು ತಿರುಗಿಸಿ ಕಾಮನ್ ತುದಿಯನ್ನು ಮೋಟರಿಗೆ ಕೊಡುತ್ತಾರೆ. ಅದೂ ಕೆಲಸ ಮಾಡುತ್ತದೆ, ಆದರೆ ಆಫ್ ಸ್ಥಾನದಲ್ಲೂ ಥರ್ಮೋಸ್ಟಾಟ್ ತಂತಿಯಲ್ಲಿ ಕರೆಂಟ್ ಉಳಿದಿರುತ್ತದೆ. ನಾನು ಹೇಳಿದ ಕ್ರಮದಲ್ಲಿ ಆಫ್ ಮಾಡಿದರೆ ಸ್ವಿಚ್ಚಿನಿಂದ ಆಚೆಗಿನ ಎರಡೂ ತಂತಿಗಳು ಸತ್ತಿರುತ್ತವೆ.

ಅಟ್ಟದಿಂದ ಹಜಾರಕ್ಕೆ ಬೇಕಿರುವುದು ಅರ್ತ್ ಬಿಟ್ಟು ಮೂರು ತಂತಿ: ಇಳಿಯುವ ಫೇಸ್, ಏರುವ ಆಟೋ, ಏರುವ ಮ್ಯಾನ್ಯುಯಲ್. ಕಪ್ಪು, ಕೆಂಪು, ಬಿಳಿ ಇರುವ ಒಂದು ಕೇಬಲ್ ಸಾಕು. ಇಳಿಯುವ ಫೇಸಿಗೆ ಬಿಳಿಯನ್ನು ಬಳಸಿ ಅದರ ಎರಡೂ ತುದಿಗೆ ಕಪ್ಪು ಟೇಪ್ ಸುತ್ತಿ. ಮೇಲೇರುವ ಎರಡು ತಂತಿಗಳು ಕಪ್ಪು ಮತ್ತು ಕೆಂಪಾಗಿರಲಿ. ಮೋಟರಿಗೆ ಮರಳುವ ತಂತಿ ಬಿಳಿಯಾಗಿರುವುದನ್ನು ಇಲ್ಲಿನ ನಿಯಮ ಒಪ್ಪುವುದಿಲ್ಲ.

ಇದನ್ನೆಲ್ಲ ವಿವರಿಸಿದ ಮೇಲೂ, ನಿಮ್ಮ ಮನೆಗೆ ನಾನು ಮೂರು ಸ್ಥಾನದ ಸ್ವಿಚ್ ಹಾಕುವುದಿಲ್ಲ. ಮ್ಯಾನ್ಯುಯಲ್‌ನಲ್ಲಿ ಬಿಟ್ಟು ಮರೆಯುವವರೇ ಹೆಚ್ಚು. ಜನವರಿಯಲ್ಲಿ ಮನೆಯ ಹೀಟರ್ ಉರಿಯುತ್ತಿರುವಾಗ ಮೇಲೆ ಫ್ಯಾನ್ ತಿರುಗುತ್ತಿರುವುದನ್ನು ಹಲವು ಮನೆಗಳಲ್ಲಿ ನೋಡಿದ್ದೇನೆ. ನನ್ನ ಆಯ್ಕೆ, ಜೋಡಿ ಡಬ್ಬಿಯಲ್ಲಿ ಒಂದು ಸಾದಾ ಆನ್-ಆಫ್ ಸ್ವಿಚ್ ಮತ್ತು ಅದರ ಪಕ್ಕ ತಿರುಗಿಸುವ ಸ್ಪ್ರಿಂಗ್ ಟೈಮರ್. ಫೇಸ್ ಮೊದಲು ಸ್ವಿಚ್ಚಿಗೆ. ಸ್ವಿಚ್ ದಾಟಿದ ಮೇಲೆ ಒಂದು ಕವಲು ಥರ್ಮೋಸ್ಟಾಟಿಗೆ, ಇನ್ನೊಂದು ಟೈಮರ್ ಮೂಲಕ ಮೋಟರಿಗೆ. ಕೇಬಲ್ ಅದೇ ಮೂರು ತಂತಿಯದು. ಅಟ್ಟ ಹತ್ತುವ ಮುನ್ನ ಟೈಮರನ್ನು ಅರ್ಧ ಗಂಟೆಗೆ ತಿರುಗಿಸಿದರೆ ತಾನಾಗಿ ನಿಲ್ಲುತ್ತದೆ. ಮಲಗುವಾಗ ಸ್ವಿಚ್ ಆಫ್ ಮಾಡಿದರೆ ಎಲ್ಲವೂ ನಿಶ್ಶಬ್ದ. ಟೈಮರ್ ಮೇಲೆ ಮೋಟರಿಗೆಂದೇ ಬರೆದ ಹಾರ್ಸ್ ಪವರ್ ಮಿತಿ ಇರುತ್ತದೆ. ದೀಪದ ಆಂಪಿಯರ್ ಅಂಕಿ ನೋಡಿ ಕೊಳ್ಳಬೇಡಿ. ನಮ್ಮ ಮನೆಗಳಲ್ಲಿ ಫ್ಯಾನಿಗೆ ರೆಗ್ಯುಲೇಟರ್ ಹಾಕುವ ರೂಢಿ ಇದೆ, ಇಲ್ಲಿ ಅದು ಬೇಡ. ಒಂದೇ ವೇಗಕ್ಕೆ ಮಾಡಿದ ಈ ಮೋಟರುಗಳು ಡಿಮ್ಮರಿನ ಕೆಳಗೆ ಬಿಸಿಯೇರಿ ಸಾಯುತ್ತವೆ.

ಥರ್ಮೋಸ್ಟಾಟನ್ನು ಕಿತ್ತುಹಾಕುವ ಸಲಹೆಯನ್ನು ಮರೆತುಬಿಡಿ. ಅಷ್ಟೇ ಅಲ್ಲ, ಆ ಡಬ್ಬಿಯ ಒಳಗೆ ಫೈರ್‌ಸ್ಟಾಟ್ ಎಂಬ ಎರಡನೆಯ ಭಾಗ ಇದೆಯೇ ನೋಡಿ. ಬೆಂಕಿ ಹತ್ತಿ ಅಟ್ಟದ ಬಿಸಿ ಮಿತಿ ಮೀರಿದರೆ ಫ್ಯಾನ್ ಗಾಳಿ ಊದುತ್ತ ಕೂರದಂತೆ ಅದು ಕಡಿದುಹಾಕುತ್ತದೆ. ಇದ್ದರೆ, ನಿಮ್ಮ ಮ್ಯಾನ್ಯುಯಲ್ ದಾರಿ ಥರ್ಮೋಸ್ಟಾಟನ್ನು ಮಾತ್ರ ದಾಟಬೇಕು, ಫೈರ್‌ಸ್ಟಾಟ್ ಮೂಲಕವೇ ಮೋಟರಿಗೆ ಹೋಗಬೇಕು. ಎರಡನ್ನೂ ಬಿಡಿಸಲಾಗದಂತೆ ಒಂದೇ ಡಬ್ಬಿಯಲ್ಲಿ ಸೇರಿಸಿದ್ದರೆ ಮ್ಯಾನ್ಯುಯಲ್ ದಾರಿಯನ್ನೇ ಕೈಬಿಡಿ. ಆಫ್ ಸ್ವಿಚ್ ಒಂದನ್ನು ಹಾಕಿ, ಬೇಕೆಂದಾಗ ಡಯಲ್ ತಗ್ಗಿಸಿ ಓಡಿಸಿ.

ಡಬ್ಬಿ ತೆರೆದಾಗ ತಂತಿ ತಾಮ್ರದ ಬಣ್ಣದ ಬದಲು ಬೆಳ್ಳಿಯ ಬಣ್ಣದ್ದಾಗಿ ಕಂಡರೆ ಮುಚ್ಚಿಬಿಡಿ. ಸುಮಾರು 1965ರಿಂದ 1973ರವರೆಗೆ ಇಲ್ಲಿನ ಅನೇಕ ಮನೆಗಳಿಗೆ ಅಲ್ಯೂಮಿನಿಯಂ ತಂತಿ ಹಾಕಿದ್ದರು. ಅದನ್ನು ಹೊಸ ತಾಮ್ರಕ್ಕೆ ಸಾಮಾನ್ಯ ಕನೆಕ್ಟರಿನಲ್ಲಿ ಜೋಡಿಸಿದರೆ ಕೀಲು ಕಾಲಕ್ರಮೇಣ ಸಡಿಲಾಗಿ ಬಿಸಿಯೇರುತ್ತದೆ. ಅದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ತಾಮ್ರವೇ ಆಗಿದ್ದು ನೀವೇ ಮಾಡುವುದಾದರೂ, ಹೊಸ ಕೇಬಲ್ ಎಳೆಯಲು ಅನುಮತಿ ಬೇಕೇ ಎಂದು ನಗರದ ಕಟ್ಟಡ ಇಲಾಖೆಯನ್ನು ಮೊದಲು ಕೇಳಿ.

ಇಷ್ಟೂ ವಿದ್ಯುತ್ ಮಾತಾಯಿತು. ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು, ಜಾಗದ ಇಕ್ಕಟ್ಟನ್ನು ಹೇಳಲು ನೀವು ಬರೆದ ಕೊನೆಯ ಸಾಲು. ಗ್ಯಾಸ್ ವಾಟರ್ ಹೀಟರ್ ಫ್ಯಾನಿನ ಜೊತೆ ಒಂದೇ ಅಟ್ಟದಲ್ಲಿದೆ. ಫ್ಯಾನ್ ಹೊರಹಾಕುವಷ್ಟು ಗಾಳಿ ಸೂರಿನ ಕೆಳಗಿನ ಕಿಂಡಿಗಳಿಂದ ಒಳಬರಬೇಕು. ಪ್ರತಿ 300 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಗಾಳಿಗೆ ಒಂದು ಚದರ ಅಡಿ ತೆರಪು ಇರಬೇಕೆಂಬುದು ರೂಢಿಯ ಲೆಕ್ಕ. ಆ ಕಿಂಡಿಗಳು ಬಣ್ಣದಿಂದಲೋ, ಇನ್ಸುಲೇಷನ್ ಹತ್ತಿಯಿಂದಲೋ ಮುಚ್ಚಿಹೋಗಿರುವ ಮನೆಗಳು ಬೇಕಾದಷ್ಟಿವೆ. ಆಗ ಫ್ಯಾನ್ ಎರಡು ಕಡೆಯಿಂದ ಗಾಳಿ ಕದಿಯುತ್ತದೆ. ಒಂದು, ಮನೆಯ ಛಾವಣಿಯ ದೀಪಗಳ ಸಂದು, ಅಟ್ಟದ ಬಾಗಿಲ ಸಂದುಗಳಿಂದ, ಅಂದರೆ ನೀವು ಹಣ ಕೊಟ್ಟು ತಂಪು ಮಾಡಿದ ಗಾಳಿ. ಇನ್ನೊಂದು, ವಾಟರ್ ಹೀಟರಿನ ಹೊಗೆಕೊಳವೆಯಿಂದ. ಮೇಲೆ ಹೋಗಬೇಕಾದ ಉರಿದ ಅನಿಲ ಕೊಳವೆಯಲ್ಲಿ ಹಿಮ್ಮುಖವಾಗಿ ಅಟ್ಟಕ್ಕೆ ಇಳಿಯುತ್ತದೆ. ಎಸಿ ಯಂತ್ರವೂ ಅಲ್ಲೇ ಇದೆಯಲ್ಲ, ಅದರ ಗಾಳಿ ಹಿಂದಿರುಗುವ ನಾಳದಲ್ಲಿ ಬಿರುಕಿದ್ದರೆ ಆ ಅನಿಲವನ್ನು, ಅದರಲ್ಲಿರಬಹುದಾದ ಕಾರ್ಬನ್ ಮಾನಾಕ್ಸೈಡನ್ನು, ಎಳೆದುಕೊಂಡು ನೇರ ಮಲಗುವ ಕೋಣೆಗಳಿಗೆ ಹಂಚುತ್ತದೆ.

ಹೊಸ ಸ್ವಿಚ್ ಕೊಳ್ಳುವ ಮೊದಲೇ ಈ ಪರೀಕ್ಷೆ ಮಾಡಿ. ಹೀಟರಿನ ನೆತ್ತಿಯಲ್ಲಿ ಕೊಳವೆ ಶುರುವಾಗುವ ಕಡೆ ಸುತ್ತಲೂ ತೆರೆದ ಲೋಹದ ಟೊಪ್ಪಿ ಇದ್ದರೆ ಅದು ಅಟ್ಟದ ಗಾಳಿಯನ್ನು ಬಳಸುವ ಹಳೆಯ ಬಗೆ. ಹೊರಗಿನಿಂದಲೇ ಗಾಳಿ ಎಳೆಯುವ ಮುಚ್ಚಿದ ಬಗೆಯಾದರೆ ಈ ಚಿಂತೆ ಇಲ್ಲ. ತೆರೆದ ಬಗೆಯಾದರೆ, ಗಾಳಿ ಬೀಸದ ದಿನ ಡಯಲ್ ತಗ್ಗಿಸಿ ಫ್ಯಾನ್ ಓಡಿಸಿ, ಅಟ್ಟದ ಬಾಗಿಲು ಮುಚ್ಚಿಸಿ, ಕೆಳಗೆ ಯಾರಾದರೂ ಬಿಸಿನೀರಿನ ನಲ್ಲಿ ಬಿಟ್ಟು ಹೀಟರ್ ಉರಿಯುವಂತೆ ಮಾಡಲಿ. ಕೆಲವು ನಿಮಿಷ ಬಿಟ್ಟು, ಗ್ಯಾಸಿನ ವಾಸನೆ ಇಲ್ಲವೆಂದು ಖಚಿತಪಡಿಸಿಕೊಂಡು, ಊದುಬತ್ತಿ ಹಚ್ಚಿ ಆ ಟೊಪ್ಪಿಯ ಅಂಚಿಗೆ ಹಿಡಿಯಿರಿ. ಹತ್ತಿಯಂಥ ಇನ್ಸುಲೇಷನ್ ಮೇಲೆ ಕಿಡಿ ಬೀಳದಂತೆ ಕೆಳಗೊಂದು ತಟ್ಟೆ ಇರಲಿ. ಹೊಗೆ ಒಳಕ್ಕೆ ಎಳೆದುಕೊಂಡು ಹೋದರೆ ಸರಿ. ಹೊರಕ್ಕೆ ತಳ್ಳಿಸಿಕೊಂಡರೆ, ಅಥವಾ ಅತ್ತಿತ್ತ ತೂಗಾಡಿದರೆ, ಫ್ಯಾನಿನ ಬ್ರೇಕರ್ ಇಳಿಸಿ ಹಾಗೆಯೇ ಬಿಡಿ. ಕಿಂಡಿಗಳನ್ನು ತೆರವು ಮಾಡಿಸುವುದು, ಛಾವಣಿಯ ಸಂದುಗಳನ್ನು ಮುಚ್ಚಿಸುವುದು, ಆಗಲೂ ಹೊಗೆ ಹೊರಬಂದರೆ ಹೀಟರ್ ಬದಲಿಸುವುದು ಮೊದಲು. ಆ ಕೆಲಸಕ್ಕೆ ಎಲೆಕ್ಟ್ರಿಷಿಯನ್ ಬದಲು ಗ್ಯಾಸ್ ಉಪಕರಣಗಳ ಲೈಸೆನ್ಸ್ ಇರುವ ಪ್ಲಂಬರನ್ನು ಕರೆಯಿರಿ. ಫಲಿತಾಂಶ ಏನೇ ಬರಲಿ, ಮಲಗುವ ಕೋಣೆಗಳ ಹೊರಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದಿದ್ದರೆ ಇವತ್ತೇ ತನ್ನಿ.